ಪಾಸ್‌ವರ್ಡ್ ಸರಿ ಇದ್ದರೂ ಒಳಗೆ ಬಿಡದ ಕಂಪ್ಯೂಟರ್

(ಸಂಘದ ವಾರ್ಷಿಕೋತ್ಸವದ ಸಂದರ್ಭದಲ್ಲಿ ಆದೋನಿಯಲ್ಲಿ ಮಾಡಿದ ಭಾಷಣದ ಬರಹರೂಪ)



ವಾರ್ಷಿಕೋತ್ಸವದ ದಿನ ಕಂಪ್ಯೂಟರಿನ ಮಾತು ಯಾಕೆ ಅಂತ ಕೆಲವರಿಗೆ ಅನ್ನಿಸಬಹುದು. ಕಾರಣ ಹೇಳ್ತೀನಿ. ಇವತ್ತು ನಮ್ಮ ಮಕ್ಕಳ ಸ್ಕಾಲರ್‌ಶಿಪ್, ಹಾಸ್ಟೆಲ್ ಸೀಟು, ಹಾಲ್ ಟಿಕೆಟ್, ನೌಕರಿ ಅರ್ಜಿ ಎಲ್ಲವೂ ಒಂದು ಪರದೆಯ ಮೂಲಕವೇ ಹೋಗಿ ಬರಬೇಕು. ಪ್ರತಿ ಅರ್ಜಿಗೂ ಕೊನೇ ದಿನ ಅಂತ ಒಂದಿರುತ್ತದೆ. ಆ ದಿನ ಕಂಪ್ಯೂಟರ್ ಒಳಗೆ ಬಿಡಲಿಲ್ಲ ಅಂದರೆ ಅದು ಬರೀ ಮಷೀನಿನ ತೊಂದರೆ ಅಲ್ಲ, ಒಂದು ಹುಡುಗಿಯ ಒಂದು ವರ್ಷದ ಓದಿನ ತೊಂದರೆ. ಅದಕ್ಕೇ ಈ ವಿಷಯ.

ತೊಂದರೆ ಹೇಗಿರುತ್ತದೆ ನೋಡ್ರಿ. ರಾತ್ರಿ ಆಪರೇಟಿಂಗ್ ಸಿಸ್ಟಮ್ ಅಪ್‌ಗ್ರೇಡ್‌ಗೆ ಹಾಕಿ ಮಲಗಿರುತ್ತೀರಿ. ಬೆಳಿಗ್ಗೆ ಲಾಗಿನ್ ಪರದೆ ಬರುತ್ತದೆ, ನಿಮ್ಮ ಹೆಸರೂ ಕಾಣುತ್ತದೆ. ಪಾಸ್‌ವರ್ಡ್ ಹೊಡೆದು ಎಂಟರ್ ಒತ್ತಿದರೆ ಪರದೆ ಒಂದು ಕ್ಷಣ ಕಪ್ಪಾಗಿ, ತಿರುಗಿ ಅದೇ ಲಾಗಿನ್ ಪರದೆ. ಮತ್ತೆ ಹೊಡೆದರೆ ಮತ್ತೆ ಅದೇ. ಪಾಸ್‌ವರ್ಡ್ ತಪ್ಪು ಅಂತಲೂ ಹೇಳುವುದಿಲ್ಲ, ಒಳಗೂ ಬಿಡುವುದಿಲ್ಲ. ಇನ್ನು ಕೆಲವು ಸಲ ಲಾಗಿನ್ ಪರದೆಯೇ ಬರುವುದಿಲ್ಲ. ಕಪ್ಪು ಪರದೆ, ಮೂಲೆಯಲ್ಲಿ ಮಿಣಿಮಿಣಿ ಅನ್ನುವ ಒಂದು ಗೆರೆ, ಅಷ್ಟೇ.

ಆಗ ನಾವು ಏನು ಮಾಡ್ತೀವಿ? ಹೊತ್ತುಕೊಂಡು ಅಂಗಡಿಗೆ ಓಡ್ತೀವಿ. ಬಹಳ ಕಡೆ ಕೇಳಿಬರುವ ಉತ್ತರ ಒಂದೇ: 'ಸಿಸ್ಟಮ್ ಹೋಗೈತೆ, ಫಾರ್ಮ್ಯಾಟ್ ಮಾಡಬೇಕು.' ಫಾರ್ಮ್ಯಾಟ್ ಅಂದರೆ ಏನು ಅಂತ ಓಣಿಯ ಹಿರಿಯರಿಗೂ ಗೊತ್ತಿರಲಿ. ಡಿಸ್ಕನ್ನು ತೊಳೆದು ಹೊಸದಾಗಿ ಶುರು ಮಾಡುವುದು. ಜಾತಿ ಪ್ರಮಾಣಪತ್ರದ ಸ್ಕ್ಯಾನು, ಮಾರ್ಕ್ಸ್ ಕಾರ್ಡು, ಅಂಬೇಡ್ಕರ್ ಜಯಂತಿಯ ಫೋಟೋಗಳು, ಸಂಘದ ನಡಾವಳಿ, ಚಂದಾ ಲೆಕ್ಕ, ಎಲ್ಲ ಅದರ ಜೊತೆಗೇ ಹೋಗುತ್ತವೆ.

ನಾನು ಇವತ್ತು ಹೇಳಬೇಕಾದ ಮುಖ್ಯ ಮಾತು ಇದು. ಅಪ್‌ಗ್ರೇಡ್ ಆದ ಮೇಲೆ ಲಾಗಿನ್ ಆಗಲಿಲ್ಲ ಅಂದರೆ ಬಹುತೇಕ ಸಲ ನಿಮ್ಮ ಫೈಲುಗಳು ಒಳಗೆ ಇದ್ದ ಹಾಗೇ ಇರುತ್ತವೆ. ಬಾಗಿಲು ಮಾತ್ರ ಸಿಕ್ಕಿಕೊಂಡಿರುತ್ತದೆ. ಬಾಗಿಲು ಬಿಡಿಸುವ ಕೆಲಸವನ್ನು ನಾವೇ ಕಲಿಯಬಹುದು. ಅದಕ್ಕೆ ಇಂಜಿನಿಯರಿಂಗ್ ಓದಿರಬೇಕಾಗಿಲ್ಲ. ನಿಧಾನ ಬೇಕು, ಒಂದು ನೋಟ್‌ಬುಕ್ ಬೇಕು.

ನಮ್ಮ ಸೀಮೆಯ ಒಂದು ಉದಾಹರಣೆ ಕೊಡ್ತೀನಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಸರಪಳಿ ಕಡಿದು ಕೊಚ್ಚಿಕೊಂಡು ಹೋಯಿತು. ಕೆಳಗಿನ ಕಾಲುವೆಯ ನೀರನ್ನೇ ನಂಬಿರುವ ನಮ್ಮ ಆದೋನಿ, ಆಲೂರು, ಕೌತಾಳಂ ಕಡೆಯ ರೈತರಿಗೆ ಎದೆ ಧಸಕ್ಕೆಂದಿತು. ಡ್ಯಾಮೇ ಹೋಯ್ತು ಅಂತ ಸುದ್ದಿ ಹಬ್ಬಿಸಿದವರೂ ಇದ್ದರು. ಆದರೆ 33 ಗೇಟುಗಳಲ್ಲಿ ಹೋಗಿದ್ದು ಒಂದು. ಕಟ್ಟೆ ಗಟ್ಟಿಯಾಗಿತ್ತು. ಕನ್ನಯ್ಯ ನಾಯ್ಡು ಅವರಂಥ ಅನುಭವಿ ಇಂಜಿನಿಯರ್ ಮುಂದೆ ನಿಂತರು. ನೀರು ಹರಿಯುತ್ತಿರುವಾಗಲೇ ಕಬ್ಬಿಣದ ತಡೆಗಳನ್ನು ಒಂದೊಂದಾಗಿ ಇಳಿಸಿ ವಾರದೊಳಗೆ ನೀರು ನಿಲ್ಲಿಸಿದರು. ಅವರು ಮೊದಲು ನೋಡಿದ್ದು ಏನು? ಯಾವ ಗೇಟು ಹೋಗಿದೆ, ಯಾವುದು ಗಟ್ಟಿ ಇದೆ ಅನ್ನುವುದನ್ನು. ಲಾಗಿನ್ ಆಗದ ಕಂಪ್ಯೂಟರಿನ ಮುಂದೆಯೂ ನಾವು ಕೇಳಬೇಕಾದ್ದು ಇದೇ ಪ್ರಶ್ನೆ: ನೀರು ಎಲ್ಲಿಯವರೆಗೆ ಬಂದಿದೆ, ಯಾವ ತೂಬಿನಲ್ಲಿ ನಿಂತಿದೆ?

ಈ ತೊಂದರೆ ಈಗ ಹೆಚ್ಚು ಕಾಣುವುದಕ್ಕೆ ಕಾರಣ ಉಂಟು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕೋಣ ಅಂದರೆ ಅದು ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ಪು, ಹೊಸ ಪೀಳಿಗೆಯ ಪ್ರೊಸೆಸರ್ ಕೇಳುತ್ತದೆ. ಕಚೇರಿಗಳು ಬಿಟ್ಟುಕೊಟ್ಟ ಹಳೇ ಕಂಪ್ಯೂಟರ್ ತಂದುಕೊಂಡಿರುವ ನಮ್ಮಂಥವರ ಹತ್ತಿರ ಅವೆರಡೂ ಇರುವುದಿಲ್ಲ. ಹಾಗಾಗಿ ಉಬುಂಟು, ಲಿನಕ್ಸ್ ಮಿಂಟ್ ಇಂಥ ಉಚಿತ ಸಿಸ್ಟಮ್‌ಗಳ ಕಡೆ ಬಂದಿದ್ದೇವೆ. ಇದು ಕಡಿಮೆ ದರ್ಜೆಯ ಮಾಲು ಅಂತ ಯಾರಾದರೂ ಅಂದರೆ ನಂಬಬೇಡಿ. ಕೇರಳದ ಸರಕಾರಿ ಶಾಲೆಗಳು ಹದಿನೈದು ವರ್ಷಕ್ಕೂ ಹೆಚ್ಚು ಕಾಲದಿಂದ ಲಿನಕ್ಸ್ ಮೇಲೆಯೇ ಪಾಠ ಮಾಡುತ್ತಿವೆ. ನಮ್ಮ ಹಾಗೇ ಗಡಿಯಲ್ಲಿರುವ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲೇ ಕಲಿಯುತ್ತಾರೆ.

ಆದರೆ ಉಚಿತ ಸಿಸ್ಟಮ್‌ಗೂ ಆಯುಸ್ಸು ಇರುತ್ತದೆ. ಉಬುಂಟುವಿನ ದೀರ್ಘಾವಧಿ ಆವೃತ್ತಿಗೆ ಸಾಮಾನ್ಯವಾಗಿ ಐದು ವರ್ಷ. 20.04 ಆವೃತ್ತಿಯ ಐದು ವರ್ಷ 2025ರ ಮೇ ತಿಂಗಳಿಗೆ ಮುಗಿಯಿತು. ಅಲ್ಲಿಂದ 22.04ಕ್ಕೆ, ಆಮೇಲೆ 24.04ಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಹತ್ತಬೇಕು, ಎರಡು ಮೆಟ್ಟಿಲು ಒಟ್ಟಿಗೆ ಹಾರುವ ಹಾಗಿಲ್ಲ. ಹತ್ತುವಾಗಲೇ ಕಾಲು ಜಾರುವುದು.

ಈಗ ಒಳಗೆ ನಡೆಯುವುದನ್ನು ತಿಳಿಯೋಣ. ಬಟನ್ ಒತ್ತಿದ ಮೇಲೆ ಮೊದಲು ಮದರ್‌ಬೋರ್ಡ್ ಎಚ್ಚರ ಆಗುತ್ತದೆ. ಅದು ಗ್ರಬ್ ಎಂಬ ಸಣ್ಣ ಪ್ರೋಗ್ರಾಮನ್ನು ಎಬ್ಬಿಸುತ್ತದೆ. ಗ್ರಬ್ ಕರ್ನಲ್‌ ಅನ್ನು ಎಬ್ಬಿಸುತ್ತದೆ, ಕರ್ನಲ್ ಅಂದರೆ ಸಿಸ್ಟಮ್ಮಿನ ಬೇರು. ಕರ್ನಲ್ ಎದ್ದ ಮೇಲೆ ಉಳಿದ ಸೇವೆಗಳು ಏಳುತ್ತವೆ. ಅವುಗಳಲ್ಲಿ ಒಂದು ಡಿಸ್ಪ್ಲೇ ಮ್ಯಾನೇಜರ್, ಬಾಗಿಲು ಕಾಯುವವನು. ಲಾಗಿನ್ ಪರದೆ ತೋರಿಸುವುದು ಅವನೇ. ಉಬುಂಟುವಿನಲ್ಲಿ ಅವನ ಹೆಸರು ಜಿಡಿಎಂ3, ಮಿಂಟ್‌ನಲ್ಲಿ ಲೈಟ್‌ಡಿಎಂ. ಪಾಸ್‌ವರ್ಡ್ ಸರಿ ಅಂತ ಗೊತ್ತಾದ ಮೇಲೆ ಅವನು ಪಕ್ಕಕ್ಕೆ ಸರಿದು ನಿಮ್ಮ ಡೆಸ್ಕ್‌ಟಾಪನ್ನು ಕರೆಯುತ್ತಾನೆ. ಆ ಡೆಸ್ಕ್‌ಟಾಪ್ ಎಕ್ಸಾರ್ಗ್ ಇಲ್ಲವೇ ವೇಲ್ಯಾಂಡ್ ಎಂಬ ಚಿತ್ರವ್ಯವಸ್ಥೆಯ ಮೇಲೆ ನಿಲ್ಲುತ್ತದೆ. ಡೆಸ್ಕ್‌ಟಾಪ್ ಎದ್ದು ನಿಲ್ಲಲಾಗದೆ ಬಿದ್ದರೆ ಕಾವಲುಗಾರ ಏನೂ ಹೇಳದೆ ತಿರುಗಿ ಮೊದಲಿನ ಪರದೆ ತೋರಿಸುತ್ತಾನೆ. ಪಾಸ್‌ವರ್ಡ್ ಸರಿ ಇದ್ದರೂ ಹೊರಗೆ ನಿಲ್ಲಿಸಿದ ಹಾಗೆ ಕಾಣುವುದು ಇದರಿಂದಲೇ.

ಮುಂದೆ ಕೆಲವು ಆಜ್ಞೆಗಳನ್ನು ಹೇಳ್ತೀನಿ. ಕನ್ನಡದಲ್ಲಿ ಉಚ್ಚಾರ ಹೇಳಿ ಅಕ್ಷರ ಬಿಡಿಸ್ತೀನಿ, ನೀವು ನೋಟ್‌ಬುಕ್ಕಿನಲ್ಲಿ ಇಂಗ್ಲಿಷಿನ ಸಣ್ಣಕ್ಷರದಲ್ಲಿ ಬರೆದುಕೊಳ್ಳಿ. 'ಜಾಗ' ಅಂದರೆ ಸ್ಪೇಸ್ ಬಾರ್ ಒಮ್ಮೆ. 'ಅಡ್ಡಗೆರೆ' ಅಂದರೆ ಸೊನ್ನೆಯ ಪಕ್ಕದ ಕೀಲಿ. ಪ್ರತಿ ಆಜ್ಞೆ ಬರೆದ ಮೇಲೆ ಎಂಟರ್.

ತೊಂದರೆಯಲ್ಲಿ ಮೂರು ಬಗೆ. ಒಂದು, ಪಾಸ್‌ವರ್ಡ್ ತಪ್ಪು ಅನ್ನುತ್ತದೆ. ಎರಡು, ತಪ್ಪು ಅನ್ನುವುದಿಲ್ಲ, ಆದರೆ ತಿರುಗಿ ಅದೇ ಪರದೆಗೆ ಬರುತ್ತದೆ. ಮೂರು, ಲಾಗಿನ್ ಪರದೆಯೇ ಇಲ್ಲ. ನಿಮ್ಮದು ಯಾವುದು ಅಂತ ಮೊದಲು ಬರೆದುಕೊಳ್ಳಿ.

ಮೊದಲನೆಯದು. ಇದು ನಮ್ಮ ಆದೋನಿಯಂಥ ಊರಿಗೆ ಹತ್ತಿರದ ತೊಂದರೆ. 1953ರ ಅಕ್ಟೋಬರ್ 1ರವರೆಗೆ ನಾವು ಬಳ್ಳಾರಿ ಜಿಲ್ಲೆಯವರು, ಆಮೇಲೆ ಆಂಧ್ರದವರು. ನಮ್ಮ ಮಕ್ಕಳ ಪಾಠ ಕನ್ನಡದಲ್ಲಿ, ಅರ್ಜಿ ತೆಲುಗಿನಲ್ಲಿ, ಪಾಸ್‌ವರ್ಡ್ ಇಂಗ್ಲಿಷಿನಲ್ಲಿ. ಒಂದೇ ಕಂಪ್ಯೂಟರಿನಲ್ಲಿ ಮೂರು ಕೀಬೋರ್ಡ್ ಕೂರಿಸಿರುತ್ತೇವೆ. ಅಪ್‌ಗ್ರೇಡ್ ಆದಾಗ ಈ ಮೂರರ ಸರದಿ ಬದಲಾಗಿ ಲಾಗಿನ್ ಪರದೆಯಲ್ಲಿ ಕನ್ನಡವೋ ತೆಲುಗೋ ಮುಂದೆ ಬಂದು ನಿಂತಿರಬಹುದು. ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ಇಂಗ್ಲಿಷಿನ 'ಕೆ' ಒತ್ತಿದರೆ 'ಕ' ಬೀಳುತ್ತದೆ, 'ಎಚ್' ಒತ್ತಿದರೆ 'ಪ' ಬೀಳುತ್ತದೆ. ಪಾಸ್‌ವರ್ಡ್ ಜಾಗದಲ್ಲಿ ಬರೀ ಚುಕ್ಕೆ ಕಾಣುವುದರಿಂದ ನಮಗೆ ಗೊತ್ತೇ ಆಗುವುದಿಲ್ಲ. ಪರದೆಯ ಮೂಲೆಯಲ್ಲಿ ಭಾಷೆಯ ಗುರುತು ಇರುತ್ತದೆ, ಅದನ್ನು ಒತ್ತಿ ಇಂಗ್ಲಿಷ್ ಆರಿಸಿ. ಪಾಸ್‌ವರ್ಡ್ ಪಕ್ಕದಲ್ಲಿ ಕಣ್ಣಿನ ಚಿತ್ರ ಇದ್ದರೆ ಒತ್ತಿ ನೋಡಿ, ಹೊಡೆದದ್ದು ಏನು ಅಂತ ಕಾಣುತ್ತದೆ. ಕ್ಯಾಪ್ಸ್ ಲಾಕ್, ನಂಬರ್ ಲಾಕ್ ದೀಪಗಳನ್ನೂ ನೋಡಿ. ಎರಡು ನಿಮಿಷದ ಕೆಲಸ, ಇದಕ್ಕಾಗಿ ಡಿಸ್ಕ್ ತೊಳೆಸಿಕೊಂಡರೆ ಅನ್ಯಾಯ.

ಎರಡನೆಯದು, ಸುತ್ತಿ ಸುತ್ತಿ ಅದೇ ಪರದೆಗೆ ಬರುವುದು. ಇಲ್ಲಿ ಒಂದು ಹಿಂಬಾಗಿಲು ಉಂಟು. ಕಂಟ್ರೋಲ್, ಆಲ್ಟ್, ಎಫ್3 ಮೂರನ್ನೂ ಒಟ್ಟಿಗೆ ಒತ್ತಿ. ಲ್ಯಾಪ್‌ಟಾಪ್ ಆದರೆ ಅವುಗಳ ಜೊತೆ ಎಫ್‌ಎನ್ ಕೀಲಿಯೂ ಬೇಕಾಗಬಹುದು. ಬಣ್ಣ ಹೋಗಿ ಕಪ್ಪು ಪರದೆಯಲ್ಲಿ 'ಲಾಗಿನ್' ಅಂತ ಕೇಳುತ್ತದೆ. ಹೆಸರು ಬರೆದು ಎಂಟರ್, ಪಾಸ್‌ವರ್ಡ್ ಬರೆದು ಎಂಟರ್. ಇಲ್ಲಿ ಪಾಸ್‌ವರ್ಡ್ ಹೊಡೆಯುವಾಗ ಚುಕ್ಕೆ ಕೂಡ ಕಾಣುವುದಿಲ್ಲ, ಗಾಬರಿ ಬೇಡ, ಒಳಗೆ ಹೋಗುತ್ತಿರುತ್ತದೆ.

ಒಳಗೆ ಬಿಟ್ಟಿತಾ? ಹಾಗಾದರೆ ಅರ್ಧ ಗೆದ್ದಿರಿ. ಪಾಸ್‌ವರ್ಡ್ ಸರಿ ಇದೆ, ನಿಮ್ಮ ಖಾತೆ ಇದೆ, ಡಿಸ್ಕ್ ಓಡುತ್ತಿದೆ. ಈಗ 'ಎಲ್‌ಎಸ್' ಅಂತ ಎರಡಕ್ಷರ ಬರೆದು ಎಂಟರ್ ಒತ್ತಿ. ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್ ಇತ್ಯಾದಿ ಹೆಸರು ಕಂಡರೆ ಫೈಲು ಹೋಗಿಲ್ಲ. ಈ ಪರೀಕ್ಷೆ ಮಾಡದೆ ಯಾರೂ ಫಾರ್ಮ್ಯಾಟ್ ಅನ್ನುವ ಪದ ಎತ್ತಬಾರದು.

ಇನ್ನು ಕಾರಣ ಹುಡುಕೋಣ. ಸುಲಭದ್ದು ಮೊದಲು.

ಡಿಸ್ಕ್ ತುಂಬಿದೆಯಾ ನೋಡಿ. 'ಡಿಎಫ್, ಜಾಗ, ಅಡ್ಡಗೆರೆ ಎಚ್'. ಒಂದು ಪಟ್ಟಿ ಬರುತ್ತದೆ. ಅದರಲ್ಲಿ ಒಂಟಿ ಓರೆಗೆರೆಯ ಸಾಲು ನೋಡಿ, 'ಹೋಮ್' ಸಾಲು ಬೇರೆ ಇದ್ದರೆ ಅದನ್ನೂ ನೋಡಿ. ಶೇಕಡಾ 100 ಅಂತ ಇದ್ದರೆ ಕಾರಣ ಸಿಕ್ಕಿತು. ಡೆಸ್ಕ್‌ಟಾಪ್ ಏಳುವಾಗ ಸಣ್ಣ ಸಣ್ಣ ಫೈಲು ಬರೆಯಬೇಕು, ಜಾಗವೇ ಇಲ್ಲದಿದ್ದರೆ ಬೀಳುತ್ತದೆ. ಅಪ್‌ಗ್ರೇಡ್ ತಾನೇ ಇಳಿಸಿಕೊಂಡ ಕಂತೆಗಳಿಂದ ಡಿಸ್ಕ್ ತುಂಬಿಸಿರುತ್ತದೆ. 'ಸುಡೊ, ಜಾಗ, ಎಪಿಟಿ, ಜಾಗ, ಕ್ಲೀನ್' ಬರೆದರೆ ಆ ಕಂತೆಗಳು ಹೋಗುತ್ತವೆ, ನಿಮ್ಮ ಫೈಲು ಮುಟ್ಟುವುದಿಲ್ಲ. ಸುಡೊ ಅಂದರೆ ಎಸ್, ಯು, ಡಿ, ಒ. ಯಜಮಾನನ ಅಧಿಕಾರದಲ್ಲಿ ಮಾಡು ಅಂತ ಅರ್ಥ, ತಿರುಗಿ ಪಾಸ್‌ವರ್ಡ್ ಕೇಳುತ್ತದೆ.

ಎರಡನೇ ಕಾರಣ, ಅಪ್‌ಗ್ರೇಡ್ ನಡುವೆ ಕರೆಂಟ್ ಹೋಗಿರುವುದು. ನಮ್ಮ ಕಡೆ ಇದನ್ನು ವಿವರಿಸಬೇಕಾಗಿಲ್ಲ! ಅರ್ಧ ಸಾಮಾನು ಹೊಸದು, ಅರ್ಧ ಹಳೇದು ಆಗಿ ನಿಂತಿರುತ್ತದೆ. 'ಸುಡೊ, ಜಾಗ, ಡಿಪಿಕೆಜಿ, ಜಾಗ, ಎರಡು ಅಡ್ಡಗೆರೆ ಕೂಡಿಸಿ ಕಾನ್ಫಿಗರ್, ಜಾಗ, ಅಡ್ಡಗೆರೆ ಎ'. ಇದು ಅರ್ಧಕ್ಕೆ ನಿಂತ ಕೆಲಸ ಮುಂದುವರಿಸುತ್ತದೆ. ಅದಾದ ಮೇಲೆ 'ಸುಡೊ, ಜಾಗ, ಎಪಿಟಿ, ಜಾಗ, ಅಡ್ಡಗೆರೆ ಎಫ್, ಜಾಗ, ಇನ್‌ಸ್ಟಾಲ್'. ಇದು ಮುರಿದ ಕೊಂಡಿ ಕೂಡಿಸುತ್ತದೆ. ಕೊನೆಗೆ ಎಪಿಟಿ ಅಪ್‌ಡೇಟ್, ಎಪಿಟಿ ಫುಲ್-ಅಪ್‌ಗ್ರೇಡ್, ಎರಡಕ್ಕೂ ಮುಂದೆ ಸುಡೊ ಬೇಕು. ಇವಕ್ಕೆ ಇಂಟರ್‌ನೆಟ್ ಬೇಕು. ಕಪ್ಪು ಪರದೆಯಲ್ಲಿ ವೈಫೈ ಹುಡುಕುತ್ತಾ ಕೂರಬೇಡಿ. ಫೋನನ್ನು ಯುಎಸ್‌ಬಿ ವಯರಿನಿಂದ ಜೋಡಿಸಿ ಫೋನಿನಲ್ಲಿ ಯುಎಸ್‌ಬಿ ಟೆಥರಿಂಗ್ ಆನ್ ಮಾಡಿ. ಸಾಮಾನ್ಯವಾಗಿ ತಾನಾಗೇ ಹಿಡಿದುಕೊಳ್ಳುತ್ತದೆ.

ಮೂರನೇ ಕಾರಣ, ಒಂದು ಸಣ್ಣ ಫೈಲಿನ ಒಡೆತನ. 'ಎಲ್‌ಎಸ್, ಜಾಗ, ಅಡ್ಡಗೆರೆ ಎಲ್‌ಎ' ಬರೆದರೆ ಅಡಗಿರುವ ಫೈಲುಗಳೂ ಕಾಣುತ್ತವೆ. ಅದರಲ್ಲಿ ಚುಕ್ಕೆಯಿಂದ ಶುರುವಾಗುವ ಎಕ್ಸ್‌ಅಥಾರಿಟಿ, ಐಸ್‌ಅಥಾರಿಟಿ ಅನ್ನುವ ಹೆಸರು ಹುಡುಕಿ. ಅವುಗಳ ಪಕ್ಕ ನಿಮ್ಮ ಹೆಸರು ಇರಬೇಕು. 'ರೂಟ್' ಅಂತ ಇದ್ದರೆ, ಜಮೀನು ನಿಮ್ಮದು, ಪಾಸ್‌ಬುಕ್ಕು ಬೇರೆಯವರ ಹೆಸರಲ್ಲಿ! ಉಳುಮೆ ಮಾಡಲು ಬಿಡುವುದಿಲ್ಲ. ಈ ಕಷ್ಟ ನಮ್ಮವರಿಗೆ ಹೊಸದಲ್ಲ, ಆದರೆ ಇಲ್ಲಿ ಪರಿಹಾರಕ್ಕೆ ಕೋರ್ಟಿಗೆ ಹೋಗಬೇಕಾಗಿಲ್ಲ. ಫೈಲಿನ ಹೆಸರು ಬದಲಿಸಿದರೆ ಸಾಕು. 'ಎಂವಿ, ಜಾಗ, ಫೈಲಿನ ಈಗಿನ ಹೆಸರು, ಜಾಗ, ಅದೇ ಹೆಸರಿನ ಕೊನೆಗೆ ಚುಕ್ಕೆ ಓಲ್ಡ್'. ಎಕ್ಸ್ ಮತ್ತು ಐಸ್ ಅಕ್ಷರಗಳು ಇಲ್ಲಿ ದೊಡ್ಡಕ್ಷರದಲ್ಲಿರುತ್ತವೆ, ಪರದೆಯಲ್ಲಿ ಕಂಡ ಹಾಗೇ ಬರೆಯಿರಿ. ಮುಂದಿನ ಸಲ ಲಾಗಿನ್ ಆಗುವಾಗ ನಿಮ್ಮ ಹೆಸರಿನಲ್ಲೇ ಹೊಸ ಫೈಲು ಹುಟ್ಟುತ್ತದೆ.

ನಾಲ್ಕನೇ ಕಾರಣ, ಹಳೇ ಸೆಟ್ಟಿಂಗು ಹೊಸ ಡೆಸ್ಕ್‌ಟಾಪಿಗೆ ಹೊಂದದಿರುವುದು. ಇದನ್ನು ಪತ್ತೆ ಮಾಡಲು ಹೊಸ ಬಳಕೆದಾರನನ್ನು ಸೃಷ್ಟಿಸಿ: 'ಸುಡೊ, ಜಾಗ, ಆಡ್‌ಯೂಸರ್, ಜಾಗ, ಟೆಸ್ಟ್'. ಆಮೇಲೆ ಬಣ್ಣದ ಪರದೆಗೆ ಹಿಂದಿರುಗಿ. ಉಬುಂಟುವಿನಲ್ಲಿ ಕಂಟ್ರೋಲ್, ಆಲ್ಟ್, ಎಫ್1, ಮಿಂಟ್‌ನಲ್ಲಿ ಸಾಮಾನ್ಯವಾಗಿ ಎಫ್7. ಹೊಸ ಬಳಕೆದಾರ ಒಳಗೆ ಹೋದರೆ ಸಿಸ್ಟಮ್ ಸರಿ ಇದೆ, ತೊಂದರೆ ನಿಮ್ಮ ಖಾತೆಯ ಸೆಟ್ಟಿಂಗಿನಲ್ಲಿದೆ. ಕಪ್ಪು ಪರದೆಗೆ ತಿರುಗಿ ಬಂದು ಚುಕ್ಕೆ ಕಾನ್ಫಿಗ್ ಎಂಬ ಫೋಲ್ಡರಿನ ಹೆಸರನ್ನೂ ಹಾಗೇ ಬದಲಿಸಿ. ಅಳಿಸಬೇಡಿ, ಹೆಸರು ಮಾತ್ರ ಬದಲಿಸಿ. ಕೆಲವು ಬ್ರೌಸರುಗಳ ಸಾಮಾನು ಅದರೊಳಗೆ ಇರುತ್ತದೆ, ಆಮೇಲೆ ತೆಗೆದುಕೊಳ್ಳಬಹುದು.

ಇನ್ನೊಂದು ಉಂಟು. ಲಾಗಿನ್ ಪರದೆಯಲ್ಲಿ ಹೆಸರು ಆರಿಸಿದ ಮೇಲೆ ಮೂಲೆಯಲ್ಲಿ ಹಲ್ಲುಚಕ್ರದ ಚಿತ್ರ ಕಾಣುತ್ತದೆ. ಅದನ್ನು ಒತ್ತಿದರೆ ವೇಲ್ಯಾಂಡ್ ಬೇಕಾ, ಎಕ್ಸಾರ್ಗ್ ಬೇಕಾ ಅಂತ ಆಯ್ಕೆ ಇರುತ್ತದೆ. ಒಂದರಲ್ಲಿ ಆಗದಿದ್ದರೆ ಇನ್ನೊಂದರಲ್ಲಿ ಪ್ರಯತ್ನಿಸಿ. ಉಬುಂಟು 22.04, 24.04ರಲ್ಲಿ ಈ ಎರಡು ದಾರಿ ಉಂಟು. 2025ರ ಅಕ್ಟೋಬರಿನಲ್ಲಿ ಬಂದ 25.10ರಿಂದ ಉಬುಂಟು ಡೆಸ್ಕ್‌ಟಾಪಿನಲ್ಲಿ ಎಕ್ಸಾರ್ಗ್ ಆಯ್ಕೆ ತೆಗೆದಿದ್ದಾರೆ. ಹಳೇ ಮಷೀನಿನವರು ಆವೃತ್ತಿ ಆರಿಸುವಾಗ ಇದು ಗಮನದಲ್ಲಿರಲಿ.

ಈಗ ಮೂರನೇ ಬಗೆ, ಲಾಗಿನ್ ಪರದೆಯೇ ಬಾರದಿರುವುದು. ಇಲ್ಲಿ ಹೆಚ್ಚಾಗಿ ಗ್ರಾಫಿಕ್ಸ್ ಡ್ರೈವರ್ ಮೇಲೆ ಅನುಮಾನ ಪಡಬೇಕು. ಇಂಟೆಲ್‌ನ ಒಳಗೇ ಇರುವ ಗ್ರಾಫಿಕ್ಸ್ ಆದರೆ ಡ್ರೈವರ್ ಕರ್ನಲ್ ಜೊತೆಗೇ ಬರುತ್ತದೆ, ತೊಂದರೆ ಕಡಿಮೆ. ಎನ್‌ವಿಡಿಯಾ ಕಾರ್ಡ್ ಇದ್ದು ಆ ಕಂಪನಿಯ ಡ್ರೈವರ್ ಹಾಕಿದ್ದರೆ, ಕರ್ನಲ್ ಹೊಸದಾದಾಗ ಡ್ರೈವರ್ ಅದಕ್ಕೆ ಹೊಂದದೆ ಉಳಿಯಬಹುದು. ಹಳೇ ಕಾರ್ಡುಗಳ 390 ಸರಣಿಯ ಡ್ರೈವರಿಗೆ ಕಂಪನಿ 2022ರ ಕೊನೆಗೇ ಬೆಂಬಲ ನಿಲ್ಲಿಸಿದೆ.

ಕಂಪ್ಯೂಟರ್ ಶುರುವಾಗುವಾಗ ಎಸ್ಕೇಪ್ ಒತ್ತಿ, ತೀರಾ ಹಳೇ ಮಷೀನಾದರೆ ಶಿಫ್ಟ್ ಹಿಡಿದುಕೊಳ್ಳಿ. ಗ್ರಬ್ ಪಟ್ಟಿ ಬರುತ್ತದೆ. ಅದರಲ್ಲಿ 'ಅಡ್ವಾನ್ಸ್ಡ್ ಆಪ್ಷನ್ಸ್' ಒಳಗೆ ಹೋದರೆ ಹಳೇ ಕರ್ನಲ್ ಹೆಸರೂ ಇರುತ್ತದೆ. ಅದನ್ನು ಆರಿಸಿ. ಹಳೇ ಕರ್ನಲ್‌ನಲ್ಲಿ ಎದ್ದರೆ ಅಂದಿನ ತುರ್ತು ಅರ್ಜಿ ಮುಗಿಸಿ, ರಿಪೇರಿ ಆಮೇಲೆ. ಅದೂ ಆಗದಿದ್ದರೆ ಗ್ರಬ್ ಪಟ್ಟಿಯ ಮೊದಲ ಸಾಲಿನ ಮೇಲೆ ನಿಂತು 'ಇ' ಕೀಲಿ ಒತ್ತಿ. 'ಲಿನಕ್ಸ್' ಎಂದು ಶುರುವಾಗುವ ಸಾಲಿನ ಕೊನೆಗೆ ಹೋಗಿ ಒಂದು ಜಾಗ ಬಿಟ್ಟು 'ನೋಮೋಡ್‌ಸೆಟ್' ಅಂತ ಒಂದೇ ಪದವಾಗಿ ಬರೆಯಿರಿ, ಎನ್, ಒ, ಎಂ, ಒ, ಡಿ, ಇ, ಎಸ್, ಇ, ಟಿ. ಎಫ್10 ಒತ್ತಿ. ಗ್ರಾಫಿಕ್ಸ್ ಡ್ರೈವರನ್ನು ಪಕ್ಕಕ್ಕಿಟ್ಟು ಸರಳ ಪರದೆಯಲ್ಲಿ ಏಳು ಅಂತ ಹೇಳಿದ ಹಾಗೆ. ಅಕ್ಷರ ದಪ್ಪಗೆ ಕಂಡರೂ ಪರವಾಗಿಲ್ಲ. ಇದು ಆ ಒಂದು ಸಲಕ್ಕೆ ಮಾತ್ರ. ಒಳಗೆ ಹೋದ ಮೇಲೆ 'ಅಡಿಷನಲ್ ಡ್ರೈವರ್ಸ್' ತೆರೆದು ಶಿಫಾರಸು ಮಾಡಿದ ಡ್ರೈವರ್ ಆರಿಸಿ. ನಿಮ್ಮ ಕಾರ್ಡಿಗೆ ಕಂಪನಿಯ ಡ್ರೈವರ್ ಇಲ್ಲವಾದರೆ 'ನೂವೋ' ಎಂಬ ಮುಕ್ತ ಡ್ರೈವರಿಗೆ ಬನ್ನಿ.

ಇಷ್ಟೆಲ್ಲ ಮಾಡಿದರೂ ಗೊತ್ತಾಗದಿದ್ದರೆ ಯಂತ್ರವೇ ಬರೆದಿಟ್ಟ ದಿನಚರಿ ಓದಿ: 'ಜರ್ನಲ್‌ಸಿಟಿಎಲ್, ಜಾಗ, ಅಡ್ಡಗೆರೆ ಬಿ, ಜಾಗ, ಅಡ್ಡಗೆರೆ ಪಿ, ಜಾಗ, ಇ-ಆರ್-ಆರ್'. ಈ ಸಲ ಎದ್ದಾಗಿನಿಂದ ಆದ ದೋಷಗಳನ್ನು ಮಾತ್ರ ತೋರಿಸುತ್ತದೆ. ಇಂಗ್ಲಿಷ್ ಅರ್ಥವಾಗದಿದ್ದರೆ ಫೋನಿನಲ್ಲಿ ಫೋಟೋ ತೆಗೆದು ತಿಳಿದವರಿಗೆ ಕಳಿಸಿ. 'ಕಂಪ್ಯೂಟರ್ ಕೆಟ್ಟೈತೆ' ಅಂದರೆ ದೂರದಲ್ಲಿರುವವರು ಏನೂ ಹೇಳಲಾರರು. ಫೋಟೋ ಕಂಡರೆ ಹೇಳುತ್ತಾರೆ.

ವಿಂಡೋಸ್ ಇಟ್ಟುಕೊಂಡವರಿಗೆ ಎರಡು ಮಾತು. ಲಾಗಿನ್ ಆದ ಮೇಲೆ ಕಪ್ಪು ಪರದೆ ಬಂದರೆ ವಿಂಡೋಸ್, ಕಂಟ್ರೋಲ್, ಶಿಫ್ಟ್, ಬಿ ನಾಲ್ಕನ್ನೂ ಒತ್ತಿ, ಗ್ರಾಫಿಕ್ಸ್ ಡ್ರೈವರ್ ಮತ್ತೆ ಶುರುವಾಗುತ್ತದೆ. ಆಗದಿದ್ದರೆ ಲಾಗಿನ್ ಪರದೆಯಲ್ಲಿ ಶಿಫ್ಟ್ ಹಿಡಿದು ರೀಸ್ಟಾರ್ಟ್ ಒತ್ತಿ. ಬರುವ ನೀಲಿ ಪಟ್ಟಿಯಲ್ಲಿ ಸೇಫ್ ಮೋಡ್, ಕೊನೆಯ ಅಪ್‌ಡೇಟ್ ತೆಗೆಯುವ ದಾರಿ ಎರಡೂ ಇರುತ್ತವೆ.

ಇಂಥದ್ದು ಬಡವರ ಹಳೇ ಮಷೀನಿಗೆ ಮಾತ್ರ ಆಗುತ್ತದೆ ಅಂತ ತಿಳಿಯಬೇಡಿ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿಯ ಒಂದು ಕೆಟ್ಟ ಅಪ್‌ಡೇಟ್‌ನಿಂದ ಜಗತ್ತಿನಲ್ಲಿ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳು ನೀಲಿ ಪರದೆ ತೋರಿಸಿ ನಿಂತವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದು ಕೊಟ್ಟರು. ಪರಿಹಾರ ಏನಾಗಿತ್ತು ಗೊತ್ತೇನ್ರಿ? ಸಾವಿರಾರು ಕಡೆ ಒಬ್ಬೊಬ್ಬರು ಮಷೀನಿನ ಮುಂದೆ ಕೂತು, ಸೇಫ್ ಮೋಡಿಗೆ ಹೋಗಿ, ಒಂದು ಫೈಲು ಅಳಿಸಿದರು. ಕೋಟಿಗಟ್ಟಲೆ ದುಡಿಯುವ ಕಂಪನಿಗಳು ಮಾಡಿದ್ದೂ ಕೊನೆಗೆ ಇದನ್ನೇ.

ಕೆಲವು ಸಲ ಮರುಸ್ಥಾಪನೆ ಬಿಟ್ಟು ದಾರಿ ಇರುವುದಿಲ್ಲ. ಆಗಲೂ ಮೊದಲು ಫೈಲು ಹೊರಗೆ ತೆಗೆಯಬೇಕು. ಉಬುಂಟು ಅಥವಾ ಮಿಂಟ್ ತುಂಬಿದ ಒಂದು 8 ಜಿಬಿ ಪೆನ್‌ಡ್ರೈವ್ ಸಂಘದಲ್ಲಿ ಸದಾ ಇರಲಿ. ಅದರಿಂದ ಕಂಪ್ಯೂಟರ್ ಎಬ್ಬಿಸಿ, ಇನ್‌ಸ್ಟಾಲ್ ಒತ್ತದೆ 'ಟ್ರೈ' ಆರಿಸಿದರೆ ಡಿಸ್ಕ್ ಮುಟ್ಟದೆ ಡೆಸ್ಕ್‌ಟಾಪ್ ಬರುತ್ತದೆ. ಡಿಸ್ಕ್ ತೆರೆದು 'ಹೋಮ್' ಒಳಗಿನ ನಿಮ್ಮ ಫೋಲ್ಡರನ್ನು ಇನ್ನೊಂದು ಡ್ರೈವಿಗೆ ನಕಲು ಮಾಡಿ. ಇಲ್ಲಿ ಕೂತಿರುವ ತಾಯಂದಿರಿಗೆ ಒಂದು ಕೇಳಿಕೆ. ಯಾರೇ ಫಾರ್ಮ್ಯಾಟ್ ಮಾಡಬೇಕು ಅಂದರೆ ನೀವು ಒಂದೇ ಪ್ರಶ್ನೆ ಕೇಳಿ: 'ಮಕ್ಕಳ ಫೈಲು ತೆಗೆದಿಟ್ಟಿರೇನು? ತೋರಿಸ್ರಿ.' ಪರದೆಯ ಮೇಲೆ ತೋರಿಸಿದ ಮೇಲೆ ಹೂಂ ಅನ್ನಿ.

ಇನ್ನು ಮುಂಜಾಗ್ರತೆ. ಅರ್ಜಿಯ ಕೊನೇ ವಾರದಲ್ಲಿ ಅಪ್‌ಗ್ರೇಡ್ ಮಾಡಬೇಡಿ. ನಾಲ್ಕು ಕಂಪ್ಯೂಟರ್ ಇದ್ದರೆ ಮೊದಲು ಒಂದಕ್ಕೆ ಮಾಡಿ, ಒಂದು ವಾರ ನೋಡಿ, ಆಮೇಲೆ ಉಳಿದವಕ್ಕೆ. ಶುರು ಮಾಡುವ ಮುಂಚೆ ಡಿಸ್ಕಿನಲ್ಲಿ ಜಾಗ ನೋಡಿ, ಫೈಲುಗಳ ನಕಲು ತೆಗೆಯಿರಿ. ಟೈಮ್‌ಶಿಫ್ಟ್ ಎಂಬ ಪ್ರೋಗ್ರಾಮಿನಿಂದ ಸಿಸ್ಟಮ್ಮಿನ ಪ್ರತಿಯನ್ನೂ ಇಟ್ಟುಕೊಳ್ಳಿ. ಮಿಂಟ್‌ನ ಅಪ್‌ಗ್ರೇಡ್ ಸಾಧನ ಈ ಪ್ರತಿ ಇಲ್ಲದೆ ಮುಂದಕ್ಕೇ ಬಿಡುವುದಿಲ್ಲ. ಯುಪಿಎಸ್ ಇಲ್ಲದ ಕಂಪ್ಯೂಟರಿಗೆ ಕರೆಂಟ್ ನಂಬಿಕೆ ಇರುವ ಹೊತ್ತು ನೋಡಿ ಮಾಡಿ.

ಇವೆಲ್ಲಕ್ಕಿಂತ ದೊಡ್ಡ ಮುಂಜಾಗ್ರತೆ ಇನ್ನೊಂದಿದೆ. ಗೊತ್ತಿರುವುದು ಒಬ್ಬರಲ್ಲೇ ಉಳಿಯಬಾರದು. ನಮ್ಮ ಪಶ್ಚಿಮ ಕರ್ನೂಲಿನ ಬದುಕು ನಿಮಗೆ ಗೊತ್ತೇ ಇದೆ. ಮಳೆ ಕೈಕೊಟ್ಟರೆ ಓಣಿ ಅರ್ಧ ಖಾಲಿ. ಗುಂಟೂರಿನ ಮೆಣಸಿನಕಾಯಿ ಹೊಲಕ್ಕೆ ಕೆಲವರು, ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಕೆಲವರು. ಕಂಪ್ಯೂಟರ್ ಗೊತ್ತಿರುವ ಒಬ್ಬನೇ ಹುಡುಗ ಬೆಂಗಳೂರು ಬಸ್ಸು ಹತ್ತಿದರೆ ಅವನ ಜೊತೆ ಪಾಸ್‌ವರ್ಡೂ ಹೋಗುತ್ತದೆ, ರಿಪೇರಿಯೂ ಹೋಗುತ್ತದೆ. ಆದ್ದರಿಂದ ಪ್ರತಿ ಕಂಪ್ಯೂಟರಿಗೆ ಸುಡೊ ಅಧಿಕಾರ ಇರುವ ಇಬ್ಬರು ಇರಲಿ, ಅವರಲ್ಲಿ ಒಬ್ಬರು ಊರಲ್ಲೇ ಇದ್ದು ಓದುತ್ತಿರುವ ಹೆಣ್ಣುಮಗಳಾಗಿರಲಿ. ಒಂದು ನೋಟ್‌ಬುಕ್ ಇಡಿ. ಯಾವ ದಿನ ಏನು ಅಪ್‌ಗ್ರೇಡ್ ಮಾಡಿದಿರಿ, ಏನು ಕೆಟ್ಟಿತು, ಯಾವ ಆಜ್ಞೆಯಿಂದ ಸರಿಹೋಯಿತು, ಎಲ್ಲ ಕನ್ನಡದಲ್ಲಿ ಬರೆದಿಡಿ. ಆಜ್ಞೆ ಮಾತ್ರ ಇಂಗ್ಲಿಷಿನಲ್ಲಿ. ಪಾಸ್‌ವರ್ಡನ್ನು ಅದರಲ್ಲಿ ಬರೆಯಬೇಡಿ, ಅದು ಬೇರೆ ಲಕೋಟೆಯಲ್ಲಿ ಕಾರ್ಯದರ್ಶಿಯ ಹತ್ತಿರ ಇರಲಿ.

ಬಾಗಿಲ ಹೊರಗೆ ನಿಲ್ಲಿಸಿಕೊಂಡ ಅನುಭವ ನಮ್ಮ ಅಜ್ಜ ಮುತ್ತಜ್ಜರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡದ ಕೆರೆಗೆ ಇಳಿದು ನೀರು ಕುಡಿದರು. ಸಂವಿಧಾನದ 15ನೇ ವಿಧಿ ಅಂಗಡಿ, ಹೋಟೆಲು, ಬಾವಿ, ಕೆರೆ, ರಸ್ತೆ ಯಾವುದರಿಂದಲೂ ಜಾತಿ ಹೇಳಿ ಯಾರನ್ನೂ ತಡೆಯಬಾರದು ಅಂತ ಬರೆಯಿತು. ಕಂಪ್ಯೂಟರಿಗೆ ಜಾತಿ ಗೊತ್ತಿಲ್ಲ, ಅದು ಎಲ್ಲರನ್ನೂ ಒಂದೇ ಥರ ಹೊರಗೆ ನಿಲ್ಲಿಸುತ್ತದೆ. ಆದರೆ ರಿಪೇರಿಗೆ ದುಡ್ಡಿದ್ದವರು, ಎರಡನೇ ಕಂಪ್ಯೂಟರ್ ಇದ್ದವರು ಮಧ್ಯಾಹ್ನದೊಳಗೆ ಅರ್ಜಿ ಹಾಕಿ ಮುಗಿಸುತ್ತಾರೆ. ಓಣಿಗೆ ಇರುವ ಒಂದೇ ಕಂಪ್ಯೂಟರ್ ನಿಂತರೆ ನಮ್ಮ ಮಕ್ಕಳು ಉಳಿಯುತ್ತಾರೆ. ಆ ಅಂತರವನ್ನು ಕಡಿಮೆ ಮಾಡುವುದು ನಮ್ಮ ಕೈಯಲ್ಲಿರುವ ಕೆಲಸ. ಶಿಕ್ಷಣ ಅಂದರೆ ಇದೂ ಸೇರಿತು, ಸಂಘಟನೆ ಅಂದರೆ ಕಲಿತದ್ದನ್ನು ಪಕ್ಕದವರಿಗೆ ಕಲಿಸುವುದೂ ಸೇರಿತು.

ಈ ಸಂಚಿಕೆ ಕೈಗೆ ಬಂದ ಮೇಲೆ ಒಂದು ಕೆಲಸ ಮಾಡಿ. ಸರಿಯಾಗಿ ಓಡುತ್ತಿರುವ ಕಂಪ್ಯೂಟರಿನ ಮುಂದೆ ಕೂತು ಕಂಟ್ರೋಲ್, ಆಲ್ಟ್, ಎಫ್3 ಒತ್ತಿ ನೋಡಿ. ಕಪ್ಪು ಪರದೆಯಲ್ಲಿ ಒಮ್ಮೆ ಲಾಗಿನ್ ಆಗಿ, 'ಎಲ್‌ಎಸ್' ಬರೆದು, 'ಎಕ್ಸಿಟ್' ಬರೆದು ಹಿಂದಿರುಗಿ ಬನ್ನಿ. ಕೆಟ್ಟ ದಿನ ಬರುವ ಮುಂಚೆ ಹಿಂಬಾಗಿಲ ದಾರಿ ಕಾಲಿಗೆ ಪರಿಚಯ ಆಗಿರಲಿ. ಆಮೇಲೆ ಅದನ್ನೇ ನಿಮ್ಮ ತಂಗಿಗೂ ಮಾಡಿಸಿ.